ಮಸುಕಾಗುವ ಚಿತ್ರಕ್ಕೆ 45 ಮೆಗಾಪಿಕ್ಸೆಲ್ ಮದ್ದೇ?

ಹೊಸಬ:
ಏಳು ವರ್ಷದ ಮಗಳು ಸಂಜೆ ಹೊತ್ತು ಮನೆಯೊಳಗೆ ನೃತ್ಯಾಭ್ಯಾಸ ಮಾಡುತ್ತಾಳೆ. ನನ್ನ ಬಳಿ ಇರುವುದು 24 ಮೆಗಾಪಿಕ್ಸೆಲ್‌ನ (ಚಿತ್ರಕ್ಕೆ 2.4 ಕೋಟಿ ಚುಕ್ಕೆ), ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ (ಬೆಳಕು ಹಿಡಿಯುವ ಫಲಕದ) ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸ್. ಹತ್ತು ಚಿತ್ರ ತೆಗೆದರೆ ಒಂಬತ್ತರಲ್ಲಿ ಕೈಕಾಲು ಕಲಸಿಹೋಗಿರುತ್ತವೆ. ಕ್ಯಾಮೆರಾ ಮಾರುವವರೊಬ್ಬರು "24 ಸಾಲದು, 45 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕೊಳ್ಳಿ" ಎಂದರು. ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗುತ್ತದೆ. ಹೋಗಲಿ, ಚಿತ್ರವಾದರೂ ಸರಿಯಾಗುತ್ತದೆಯೇ?

ಪಿಕ್ಸೆಲ್ ಪ್ರಿಯ:
ಖಂಡಿತ ಆಗುತ್ತದೆ. ಫುಲ್ ಫ್ರೇಮ್ ಸೆನ್ಸರ್ ಎಂದರೆ 36×24 ಮಿಲಿಮೀಟರ್. ನಿಮ್ಮದು ಸುಮಾರು 23.5×15.6. ವಿಸ್ತೀರ್ಣ ಎರಡು ಪಟ್ಟಿಗೂ ಮಿಗಿಲು, ಹಿಡಿಯುವ ಬೆಳಕೂ ಅಷ್ಟೇ ಮಿಗಿಲು. ಮೇಲಾಗಿ 45 ಮೆಗಾಪಿಕ್ಸೆಲ್ ಇದ್ದರೆ ಬೇಕಾದಷ್ಟು ಭಾಗವನ್ನು ಕತ್ತರಿಸಿಕೊಳ್ಳಬಹುದು. ಹಿಂದೆಮುಂದೆ ನೋಡದೆ ಕೊಳ್ಳಿ.

ಬೆಳಕಿಂಡಿ:
ಜ್ವರ ಎಷ್ಟಿದೆ ಎಂದು ನೋಡದೆಯೇ ಔಷಧ ಬರೆದುಕೊಟ್ಟಂತಾಯಿತು. ಹೊಸಬರೇ, ಕೆಟ್ಟುಹೋದ ಒಂದು ಚಿತ್ರದ ವಿವರವನ್ನು ಕ್ಯಾಮೆರಾದಲ್ಲೇ ತೆರೆದು ನೋಡಿ. ಶಟರ್ ವೇಗ (ಬೆಳಕು ಒಳಬರುವ ಸಮಯ), ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಮಟ್ಟ) ಎಷ್ಟೆಷ್ಟಿವೆ?

ಹೊಸಬ:
1/15 ಸೆಕೆಂಡು, ಎಫ್ 5.6, ಐಎಸ್‌ಒ 800. ಐಎಸ್‌ಒ ಹೆಚ್ಚಿಸಿದರೆ ಚಿತ್ರ ಕೆಡುತ್ತದೆ ಎಂದು ಎಲ್ಲೋ ಓದಿ, 800ರ ಮೇಲೆ ಹೋಗದಂತೆ ನಾನೇ ಕಟ್ಟು ಹಾಕಿದ್ದೇನೆ.

ಬೆಳಕಿಂಡಿ:
ಕಳ್ಳ ಸಿಕ್ಕಿಬಿದ್ದ. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬೀಸುವ ಕೈ, 1/15 ಸೆಕೆಂಡು ಮುಗಿಯುವಷ್ಟರಲ್ಲಿ 13 ಸೆಂಟಿಮೀಟರ್ ಸರಿದಿರುತ್ತದೆ. 45 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಆ ಕಲಸನ್ನೇ ಇನ್ನಷ್ಟು ಸೂಕ್ಷ್ಮವಾಗಿ ದಾಖಲಿಸುತ್ತದೆ, ಅಷ್ಟೇ. 24ರಿಂದ 45ಕ್ಕೆ ಏರಿದರೂ ಅಡ್ಡಸಾಲಿನಲ್ಲಿ 6000 ಚುಕ್ಕೆಗಳಿದ್ದಲ್ಲಿ ಸುಮಾರು 8200 ಆಗುತ್ತವೆ. ಕೇಳಲು ದುಪ್ಪಟ್ಟು, ಕಾಣಲು ಅಲ್ಲ.

ಆ 800ರ ಕಟ್ಟನ್ನು ಇವತ್ತೇ ಬಿಚ್ಚಿ. ಐಎಸ್‌ಒ 6400ಕ್ಕೆ ಹೋದರೆ ಅದೇ ಕೋಣೆಯಲ್ಲಿ, ಅದೇ ಲೆನ್ಸಿನಲ್ಲಿ 1/125 ಸಿಗುತ್ತದೆ.

ಪಿಕ್ಸೆಲ್ ಪ್ರಿಯ:
6400ರಲ್ಲಿ ಮುಖದ ಮೇಲೆ ಮರಳು ಎರಚಿದಂತಿರುತ್ತದೆ. ಅದನ್ನು ಮಗಳ ನೆನಪಿನ ಚಿತ್ರ ಎಂದು ಇಟ್ಟುಕೊಳ್ಳಬೇಕೇ?

ಹಳೆಯ ರೋಲು:
ಈ ಮರಳಿನ ವಿಚಾರದಲ್ಲಿ ಎಲ್ಲರೂ ಐಎಸ್‌ಒ ಅನ್ನು ಬೈಯುತ್ತಾರೆ, ಪಾಪ. ನಾಯ್ಸ್‌ಗೆ, ಅಂದರೆ ಈ ಮರಳಿಗೆ, ಮುಖ್ಯ ಕಾರಣ ಸೆನ್ಸರ್ ಮೇಲೆ ಬೆಳಕು ಸಾಲದಿರುವುದು. ಅಂಗಳದಲ್ಲಿ ನಾಲ್ಕು ಹನಿ ಬಿದ್ದಾಗ ನೋಡಿ, ಒಂದು ಹಾಸುಗಲ್ಲಿನ ಮೇಲೆ ಮೂರು, ಪಕ್ಕದ್ದರ ಮೇಲೆ ಏಳು. ಜಡಿಮಳೆ ಹೊಡೆದರೆ ಎಲ್ಲ ಕಲ್ಲೂ ಒಂದೇ ಸಮ ಒದ್ದೆ. ಬೆಳಕೂ ಹಾಗೆಯೇ ಹನಿಹನಿಯಾಗಿ ಬೀಳುತ್ತದೆ. ಐಎಸ್‌ಒ ಕಡಿಮೆ ಇಟ್ಟು ಕತ್ತಲೆ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಬೆಳಗಿಸಿದರೂ ಅದೇ ಮರಳು ಎದ್ದು ಬರುತ್ತದೆ, ಕೆಲವೊಮ್ಮೆ ಇನ್ನೂ ಕೆಟ್ಟದಾಗಿ. ಮರಳನ್ನು ತಂತ್ರಾಂಶದಿಂದ ತಕ್ಕಮಟ್ಟಿಗೆ ಗುಡಿಸಬಹುದು. ಕಲಸಿಹೋದ ಕೈಯನ್ನು ಮರಳಿ ತರುವುದು ಕಷ್ಟ.

ಕೊಳ್ಳಲೇಬೇಕೆಂದಿದ್ದರೆ ಲೆನ್ಸ್ ಕೊಳ್ಳಿ. ಎಫ್ 5.6ರ ಬದಲು ಎಫ್ 1.8 ಎಂದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ನಿಮ್ಮ 1/15, ಐಎಸ್‌ಒ 800ರಲ್ಲೇ 1/145ರ ಆಸುಪಾಸಿಗೆ ಬರುತ್ತದೆ. ಎಲ್ಲರೂ 50 ಮಿಲಿಮೀಟರ್ ಲೆನ್ಸ್ ಎನ್ನುತ್ತಾರೆ (ಈ ಅಳತೆ ಹೆಚ್ಚಿದಷ್ಟೂ ನೋಟ ಇಕ್ಕಟ್ಟು). ನಿಮ್ಮ ಸೆನ್ಸರಿನಲ್ಲಿ ಅದರ ನೋಟ ಫುಲ್ ಫ್ರೇಮಿನ 75ರಂತೆ ಇಕ್ಕಟ್ಟಾಗುತ್ತದೆ, ಹಿಂದೆ ಸರಿಯುತ್ತ ಗೋಡೆಗೆ ಬೆನ್ನು ತಾಗುತ್ತದೆ. ಮನೆಯೊಳಗೆ 35 ಮಿಲಿಮೀಟರ್ ಒಳ್ಳೆಯದು.

ಚುಕ್ಕೆ ಎಣಿಸುವ ಚಟದ ಬಗ್ಗೆ ಒಂದು ಮಾತು. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು 100×100, ಅಂದರೆ ಬರೀ ಹತ್ತು ಸಾವಿರ ಚುಕ್ಕೆ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಆಗ ಎಣಿಸಿದ್ದರಲ್ಲಿ ಅರ್ಥವಿತ್ತು.

ಕಿಟಕಿ ಪಕ್ಕ:
ಎಲ್ಲರೂ ಲೆಕ್ಕ ಹಾಕುತ್ತಿದ್ದೀರಿ, ದೀಪ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಬಲ್ಬಿನಿಂದ ಒಂದು ಮೀಟರ್ ದೂರದಲ್ಲಿದ್ದವಳು ಎರಡು ಮೀಟರಿಗೆ ಹೋದರೆ ಅವಳ ಮೇಲೆ ಬೀಳುವ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಅಭ್ಯಾಸವನ್ನು ಒಂದು ಗಂಟೆ ಮೊದಲೇ, ದೊಡ್ಡ ಕಿಟಕಿಯ ಬಳಿ ಇಟ್ಟುಕೊಳ್ಳಲು ಸಾಧ್ಯವೇ? ಇನ್ನೊಂದು ವಿಷಯ: ನೃತ್ಯದಲ್ಲಿ ಪ್ರತಿ ಚಲನೆಯ ತುದಿಯಲ್ಲೂ ಒಂದು ನಿಲುಗಡೆ ಇರುತ್ತದೆ. ಕೈ ಪೂರ್ತಿ ಚಾಚಿದಾಗ, ಜಿಗಿತದ ನೆತ್ತಿಯಲ್ಲಿ. ಅವಳ ತಾಳ ನಿಮಗೆ ಗೊತ್ತಿರಬೇಕಲ್ಲ, ದಿನವೂ ಕೇಳುತ್ತೀರಿ. ಆ ಕ್ಷಣಕ್ಕೆ ಸ್ವಲ್ಪ ಮೊದಲೇ ಬಟನ್ ಒತ್ತಿ.

ಪಿಕ್ಸೆಲ್ ಪ್ರಿಯ:
ಹೊಸ ಕ್ಯಾಮೆರಾಗಳ ಒಳಗೇ ನಡುಕ ತಡೆಯುವ ವ್ಯವಸ್ಥೆ ಇರುತ್ತದೆ. ಅದನ್ನೇಕೆ ಮರೆತಿರಿ?

ಬೆಳಕಿಂಡಿ:
ಅದು ತಡೆಯುವುದು ತಂದೆಯ ಕೈನಡುಕವನ್ನು. ಮಗಳ ಕುಣಿತವನ್ನಲ್ಲ.

ಪಿಕ್ಸೆಲ್ ಪ್ರಿಯ:
ಸರಿ, ಅದನ್ನು ಬಿಟ್ಟೆ. ಆದರೆ ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಹಿಂಬಾಲಿಸುವ ಸೌಲಭ್ಯ? ಹಳೆಯ ಕ್ಯಾಮೆರಾಗಳಲ್ಲಿ ಅದೆಲ್ಲಿ ಬರಬೇಕು?

ಹಳೆಯ ರೋಲು:
ಅದು ನಿಜವಾದ ಲಾಭ, ಒಪ್ಪಿದೆ. ಓಡಾಡುವ ಮಕ್ಕಳ ವಿಷಯದಲ್ಲಂತೂ ದೊಡ್ಡ ಲಾಭ. ಮಾರುವವರು ಅದನ್ನು ಹೇಳಿದ್ದರೆ ನಾನು ಇಷ್ಟು ಜಗಳವಾಡುತ್ತಿರಲಿಲ್ಲ.

ಹೊಸಬ:
ನಡುವೆ ಒಂದು ಪ್ರಶ್ನೆ. ಚಿತ್ರವನ್ನು ಕ್ಯಾಮೆರಾ ತಾನೇ ತಿದ್ದಿ ಕುಗ್ಗಿಸುವ ಜೆಪೆಗ್ ಬದಲು, ತಿದ್ದದ ರಾ ರೂಪದಲ್ಲಿ ಉಳಿಸಿದರೆ ಏನಾದರೂ ಸಹಾಯವಾಗುತ್ತದೆಯೇ?

ಬೆಳಕಿಂಡಿ:
ದೀಪದ ಹಳದಿ ಬಣ್ಣ ತಿದ್ದಲು ಆಗುತ್ತದೆ. 14 ಬಿಟ್‌ನ ರಾ ಕಡತದಲ್ಲಿ ಪ್ರತಿ ಚುಕ್ಕೆಗೂ 16,384 ಮಟ್ಟಗಳು, ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256. ಮಸುಕಿಗೆ ಮಾತ್ರ ಅದು ಮದ್ದಲ್ಲ.

ಹೊಸಬ (ಒಂದು ವಾರದ ನಂತರ):
ಗೆಳೆಯರೊಬ್ಬರ 35 ಮಿಲಿಮೀಟರ್, ಎಫ್ 1.8 ಲೆನ್ಸ್ ಎರವಲು ತಂದೆ. ಐಎಸ್‌ಒ 3200, 1/500 ಸೆಕೆಂಡು. ಕೈಕಾಲು ಕಲಸುವುದು ನಿಂತಿತು! ಈಗ ಹೊಸ ತಾಪತ್ರಯ. ಮುಂದೆ ಚಾಚಿದ ಬೆರಳುಗಳು ಸ್ಪಷ್ಟ, ಮುಖ ಮಂಜು. ಲೆನ್ಸ್ ಹಾಳಾಗಿದೆಯೇ?

ಬೆಳಕಿಂಡಿ:
ಲೆನ್ಸ್ ಸರಿಯಾಗಿಯೇ ಇದೆ. ಎಫ್ 1.8ರಲ್ಲಿ, ಒಂದು ಮೀಟರ್ ದೂರದಿಂದ, ಆರು ಸೆಂಟಿಮೀಟರಿನಷ್ಟು ಆಳ ಮಾತ್ರ ಸ್ಪಷ್ಟವಾಗಿರುತ್ತದೆ. ಕ್ಯಾಮೆರಾ ಹತ್ತಿರದ ಬೆರಳನ್ನು ಹಿಡಿದುಕೊಂಡಿತು. ಫೋಕಸ್ ಬಿಂದು ಒಂದನ್ನೇ ಆರಿಸಿ ಕಣ್ಣಿನ ಮೇಲಿಡಿ. ಅಪರ್ಚರ್ ಎಫ್ 2.8 ಮಾಡಿದರೆ ಶಟರ್ 1/200ಕ್ಕೆ ಇಳಿಯುತ್ತದೆ, ಚಲನೆಯ ತುದಿಯಲ್ಲಿ ಹಿಡಿದರೆ ಸಾಕು. ಜಾಗವಿದ್ದರೆ ಎರಡು ಮೀಟರಿಗೆ ಹಿಂದೆ ಸರಿಯಿರಿ. ಆಳ ಸುಮಾರು ನಾಲ್ಕು ಪಟ್ಟಾಗುತ್ತದೆ. ಆಮೇಲೆ ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸಿದಾಗ ಅದರಲ್ಲಿ ಅರ್ಧ ಸೋರಿಹೋಗುತ್ತದೆ, ಆದರೂ ಲಾಭವೇ.

ಪಿಕ್ಸೆಲ್ ಪ್ರಿಯ:
ಕತ್ತರಿಸಿ ಎಂದಿರಿ! ಕತ್ತರಿಸಲು ಪಿಕ್ಸೆಲ್ ಬೇಕಲ್ಲವೇ? ಮೊದಲನೆಯ ದಿನವೇ ನಾನು ಹೇಳಿದ್ದೆ.

ಬೆಳಕಿಂಡಿ:
ಹೇಳಿದ್ದಿರಿ, ಇಲ್ಲವೆನ್ನುವುದಿಲ್ಲ. 24 ಮೆಗಾಪಿಕ್ಸೆಲ್‌ನಲ್ಲಿ ಅಗಲ ಎತ್ತರ ಎರಡನ್ನೂ ಅರ್ಧ ಕತ್ತರಿಸಿದರೆ 3000×2000 ಉಳಿಯುತ್ತದೆ. ಅಂಗುಲಕ್ಕೆ 300 ಚುಕ್ಕೆಯಂತೆ ಮುದ್ರಿಸಿದರೂ 10 ಅಂಗುಲ ಅಗಲ. ಹೊಸಬರೇ, ಎಷ್ಟು ದೊಡ್ಡ ಚೌಕಟ್ಟು ಹಾಕಿಸುತ್ತೀರಿ?

ಹೊಸಬ:
ಚೌಕಟ್ಟೇನೂ ಇಲ್ಲ. ಅವಳ ಅಜ್ಜಿಗೆ ಕಳುಹಿಸಲು. ಅವರ ಮೊಬೈಲಿನ ಪರದೆ ಆರು ಅಂಗುಲ.