ಕಸದ ವಾರ

ಸೀನ ಜರ್ಮನಿಯ ಟ್ಯೂಬಿಂಗನ್‌ನಿಂದ ವಾಪಸ್ ಬಂದು ಎರಡು ವಾರವಾಗಿತ್ತು. ಹೋಗಿದ್ದು ಎಕ್ಸ್‌ಚೇಂಜ್ ಅಂತ ಒಂದೇ ಸೆಮಿಸ್ಟರ್. ಆಡುವ ಮಾತು ಮಾತ್ರ ಹತ್ತು ವರ್ಷ ಅಲ್ಲೇ ಸಂಸಾರ ಮಾಡಿ ಬಂದವನ ಹಾಗೆ. ಸರಸ್ವತಿಪುರಂನಲ್ಲಿ ನಮ್ಮ ಮಾಮೂಲಿ ಕಟ್ಟೆಯ ಮೇಲೆ ಕೂರಿಸಿಕೊಂಡು ವಿಚಾರಣೆ ಶುರು ಮಾಡಿದೆವು.

"ಮೊದಲು ಮಾರ್ಕ್ಸ್ ಹೇಳೋ," ಎಂದ ಗುಂಡ.

"1.3."

ಎಲ್ಲರೂ ಕಾಫಿ ಲೋಟ ನೋಡುತ್ತಾ ಕೂತೆವು. ಶಾಲಿ ಮೆಲ್ಲಗೆ, "ಹೋಗ್ಲಿ ಬಿಡು, ಸಪ್ಲಿಮೆಂಟರಿ ಕಟ್ಟಿದರಾಯ್ತು" ಎಂದಳು.

"ಅಯ್ಯೋ, ಅಲ್ಲಿ 1 ಅಂದರೆ ಎಲ್ಲಕ್ಕಿಂತ ಮೇಲೆ ಕಣೇ! 4ರವರೆಗೆ ಪಾಸು, 5 ಅಂದರೆ ಫೇಲು. ಅಪ್ಪನಿಗೆ ಫೋನಿನಲ್ಲಿ ಮುಕ್ಕಾಲು ಗಂಟೆ ಬಿಡಿಸಿ ಹೇಳಿದೆ. ಕೊನೆಗೆ 'ಆಯ್ತಪ್ಪ, ಆರೋಗ್ಯ ನೋಡ್ಕೋ' ಅಂತ ಇಟ್ಟುಬಿಟ್ಟರು."

ಪಾಠ ಹೇಗಿತ್ತು ಎಂದು ಕೇಳಿದ್ದಕ್ಕೆ ಇನ್ನೊಂದು ವಿಚಿತ್ರ ಹೊರಬಿತ್ತು. ಟೈಮ್‌ಟೇಬಲ್‌ನಲ್ಲಿ 10 ಗಂಟೆ ಎಂದು ಬರೆದು ಪಕ್ಕದಲ್ಲಿ 'ಸಿ.ಟಿ.' ಎಂದಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗಂತೆ. ಲ್ಯಾಟಿನ್ ಮಾತಂತೆ, ಹಳೇ ಪದ್ಧತಿಯಂತೆ.

ಗುಂಡನಿಗೆ ಸಿಟ್ಟು ಬಂತು. "ಮೂರು ವರ್ಷದಿಂದ ನಾನು ಸಿ.ಟಿ.ನಲ್ಲೇ ಬರ್ತಿದ್ದೀನಿ. ನನಗೆ ಮಾತ್ರ ಅಟೆಂಡೆನ್ಸ್ ಶಾರ್ಟೇಜ್!"

"ಪಾಠ ಮುಗಿದ ಮೇಲೆ ಚಪ್ಪಾಳೆ ಇಲ್ಲ. ಎಲ್ಲರೂ ಬೆರಳ ಗಂಟಿನಿಂದ ಟಕಟಕ ಅಂತ ಬೆಂಚು ಕುಟ್ಟುತ್ತಾರೆ. ಅದೇ ಮೆಚ್ಚುಗೆ."

"ನಾವು ಕುಟ್ಟಿದರೆ ಪ್ರಿನ್ಸಿಪಾಲರ ರೂಮು," ಎಂದೆ ನಾನು.

ಊಟದ ವಿಷಯ ಬಂದಾಗ ಅವನ ಮುಖ ಬಾಡಿತು. ಊರು ಮುಟ್ಟಿದ್ದು ಶನಿವಾರ ರಾತ್ರಿ. ಭಾನುವಾರ ಎದ್ದು ನೋಡಿದರೆ ಅಂಗಡಿಗಳೆಲ್ಲ ಬಂದ್. ಗಲಾಟೆಯಲ್ಲ, ಮುಷ್ಕರವಲ್ಲ, ಸುಮ್ನೆ ಭಾನುವಾರ. ಬೆಳಗ್ಗೆ ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ತಿಂದನಂತೆ. ಮಧ್ಯಾಹ್ನ ಚಕ್ಕುಲಿಗೆ ಚಟ್ನಿಪುಡಿ. ರಾತ್ರಿ ಬದಲಾವಣೆ ಇರಲಿ ಅಂತ ಚಟ್ನಿಪುಡಿಗೆ ಚಕ್ಕುಲಿ.

ಸೋಮವಾರ ಕಾಫಿ ತೆಗೆದುಕೊಂಡರೆ ಪೇಪರ್ ಕಪ್ಪಿಗೆ 50 ಸೆಂಟ್ ತೆರಿಗೆ. ಆ ಊರಲ್ಲಿ 2022ರಿಂದ ಹಾಗಂತೆ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ, ಖಾಲಿ ಬಾಟಲಿ ಮೆಷಿನ್ನಿಗೆ ತುರುಕಿದರೆ ವಾಪಸ್. "ಪಾರ್ಟಿ ಆದ ಮರುದಿನ ನಾನೇ ಕ್ಲೀನ್ ಮಾಡ್ತೀನಿ ಅಂತ ಮುಂದೆ ಬರ್ತಿದ್ದೆ. ಎಲ್ಲರೂ ಎಂಥ ಒಳ್ಳೇ ಹುಡುಗ ಅಂದರು. ಬಾಟಲಿ ಲೆಕ್ಕ ಯಾರಿಗೂ ಹೇಳಲಿಲ್ಲ."

ಶಾಲಿ ಕನ್ನಡ ಎಂ.ಎ. ಸುಮ್ಮನೆ ಬಿಡುವವಳಲ್ಲ. "ಕಿಟೆಲ್ ತೀರಿಕೊಂಡಿದ್ದು ಅದೇ ಊರಲ್ಲಿ ಕಣೋ, 1903ರಲ್ಲಿ. ಜರ್ಮನಿಯಿಂದ ಇಲ್ಲಿಗೆ ಬಂದು ಸುಮಾರು 70,000 ಪದದ ಕನ್ನಡ ನಿಘಂಟು ಮಾಡಿದರು. ನೀನು ಇಲ್ಲಿಂದ ಅಲ್ಲಿಗೆ ಹೋಗಿ ಎಷ್ಟು ಜರ್ಮನ್ ಪದ ಕಲಿತೆ?"

ಸೀನ ಬೆರಳು ಮಡಿಸಿದ. "ಹನ್ನೊಂದು. ಅದರಲ್ಲಿ ನಾಲ್ಕು ಕಸದ ಡಬ್ಬಿ ಹೆಸರು."

ಅಲ್ಲಿಗೆ ಕಸದ ಅಧ್ಯಾಯ ತೆರೆಯಿತು. ಕಾಗದಕ್ಕೊಂದು, ತರಕಾರಿ ಸಿಪ್ಪೆಗೊಂದು, ಪ್ಲಾಸ್ಟಿಕ್ ಕವರಿಗೊಂದು, ಯಾವುದಕ್ಕೂ ಸೇರದ್ದಕ್ಕೆ ಮತ್ತೊಂದು. ಟೀ ಬ್ಯಾಗ್ ಕೈಯಲ್ಲಿ ಹಿಡಿದು ಹತ್ತು ನಿಮಿಷ ನಿಂತಿದ್ದನಂತೆ. ಎಲೆ ಒಂದು ಕಡೆ, ಚೀಟಿ ಒಂದು ಕಡೆ, ದಾರಕ್ಕೆ ಗತಿಯಿಲ್ಲ.

"ಅದೂ ಪರವಾಗಿಲ್ಲ. 'ಕೇರ್‌ವೊಖೆ' ಅಂತ ಇದೆ ನೋಡಿ. ಆ ಊರಿರೋ ಸ್ವೇಬಿಯ ಸೀಮೆಯವರ ಹಳೇ ಪದ್ಧತಿ. ಕೇರ್ ಅಂದರೆ ಗುಡಿಸೋದು, ವೊಖೆ ಅಂದರೆ ವಾರ."

"ನಾವು ಕೇರೋದು ಮೊರದಲ್ಲಿ," ಎಂದಳು ಶಾಲಿ.

"ನಿನ್ನ ಬಾಗಿಲಿಗೆ ಒಂದು ಪುಟ್ಟ ಹಲಗೆ ತೂಗುಹಾಕುತ್ತಾರೆ. ಆ ವಾರ ಮೆಟ್ಟಿಲು, ಬಾಗಿಲ ಮುಂದು, ಎಲ್ಲ ನೀನೇ ಗುಡಿಸಬೇಕು. ಮುಗಿದ ಮೇಲೆ ಹಲಗೆ ಪಕ್ಕದ ಬಾಗಿಲಿಗೆ. ನಾನು ಹಾರಿಸೋಣ ಅಂತಿದ್ದೆ. ಕೆಳಗಿನ ಮನೆ ಅಜ್ಜಿ ಬಂದು ಕಂಬಿ ಮೇಲೆ ಬೆರಳು ಎಳೆದು, ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಮಾತೇ ಆಡಲಿಲ್ಲ. ಹನ್ನೊಂದು ಪದದಲ್ಲಿ ಅವರಿಗೆ ಏನಂತ ಉತ್ತರ ಕೊಡಲಿ? ಗುಡಿಸಿದೆ. ಒರೆಸಿದೆ. ಖುಷಿಯಲ್ಲಿ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ."

ಮನೆಯಲ್ಲಿ ಕಾಲಡಿ ಪೊರಕೆ ಸಿಕ್ಕರೆ ದಾಟಿಕೊಂಡು ಹೋಗುತ್ತಿದ್ದವನು ಇವನು. ನಾವೇ ನೋಡಿದ್ದೇವೆ.

"ಅಮ್ಮ ಏನಂದಳು?"

"ಇಪ್ಪತ್ತು ವರ್ಷ ಬಾಯಿ ಬಡ್ಕೊಂಡೆ, ಒಂದು ಹಲಗೆ ಸಾಕಿತ್ತಾ ಅಂದಳು. ಬರುವಾಗ ಅದನ್ನೇ ತಾ ಅಂದಳು. ನಾನು ಪೆದ್ದ, ನೆನಪಿಗಿರಲಿ ಅಂತ ಅಂಥದ್ದೇ ಒಂದು ತಂದೆ."

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಸೀನ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. "ಬರ್ತೀನಮ್ಮಾ, ಬಂದೆ."

"ಲೋ, ನೀನು ಬಂದು ಎರಡು ವಾರ ಆಯ್ತಲ್ಲ," ಎಂದ ಗುಂಡ. "ಈ ವಾರ ಹಲಗೆ ಅಪ್ಪನ ಬಾಗಿಲಿಗೆ ಹೋಗಬೇಕಿತ್ತು, ಅಲ್ವಾ?"

"ಎಲ್ಲಿ ಹೋಗುತ್ತೆ?" ಎಂದ ಸೀನ ಚಪ್ಪಲಿ ಮೆಟ್ಟುತ್ತಾ. "ಅಮ್ಮ ಮೊಳೆ ಹೊಡೆದುಬಿಟ್ಟಿದ್ದಾಳೆ."