ಎಕ್ಸ್‌ಚೇಂಜ್‌ನಲ್ಲಿರುವ ಬಿಟ್‌ಕಾಯಿನ್ ಅನ್ನು ಸ್ವಂತ ವ್ಯಾಲೆಟ್‌ಗೆ ತೆಗೆದುಕೊಳ್ಳುವುದು ಹೇಗೆ? ತಿಳಿದವರು ಹೇಳಬೇಕು

ತೊಗರಿ ಲೆಕ್ಕಿಗ, ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ಶರಣಾರ್ಥಿ. ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ನಾನು ಲೆಕ್ಕಪತ್ರ ಬರೆಯುವವನು. ಮೂರು ವರ್ಷಗಳಿಂದ ಪ್ರತಿ ತಿಂಗಳು ಸಂಬಳ ಕೈಗೆ ಬಂದ ವಾರದಲ್ಲೇ 3,000 ರೂಪಾಯಿಯಂತೆ ಡಿಜಿಟಲ್ ನಾಣ್ಯಗಳನ್ನು ಕೊಂಡು ಮಾರುವ ಒಂದು ಭಾರತೀಯ ಎಕ್ಸ್‌ಚೇಂಜ್‌ನಲ್ಲಿ ಕ್ರಿಪ್ಟೋ ಕೊಳ್ಳುತ್ತ ಬಂದಿದ್ದೇನೆ. ಇಲ್ಲಿಯವರೆಗೆ ಹಾಕಿದ ಹಣ 1,08,000 ರೂಪಾಯಿ. ಅದರಲ್ಲಿ ಬಹುಪಾಲು ಬಿಟ್‌ಕಾಯಿನ್, ಸ್ವಲ್ಪ ಈಥರ್, ಉಳಿದದ್ದು ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ.

2024ರ ಜುಲೈ 18ರಂದು ವಾಜಿರ್‌ಎಕ್ಸ್ ಎಂಬ ಇನ್ನೊಂದು ಭಾರತೀಯ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಕಳವಾದ ಸುದ್ದಿ ಬಂದಾಗ ನನ್ನದೇನೂ ಅಲ್ಲಿಲ್ಲವೆಂದು ಸಮಾಧಾನಪಟ್ಟುಕೊಂಡಿದ್ದೆ. ಆದರೆ ಅಲ್ಲಿನ ಗ್ರಾಹಕರು ತಮ್ಮ ಕ್ರಿಪ್ಟೋ ಹೊರತೆಗೆಯಲಾಗದೆ ವರ್ಷಕ್ಕೂ ಮಿಕ್ಕಿ ಕಾಯ್ದದ್ದನ್ನು ಓದುತ್ತ ಹೋದಂತೆ ಆ ಸಮಾಧಾನ ಉಳಿಯಲಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಜೋಳವನ್ನು ಮನೆಯ ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರು; ಈಗಿನ ರೈತರು ಗೋದಾಮಿನಲ್ಲಿ ತೊಗರಿ ಚೀಲ ಇಳಿಸಿ ರಸೀದಿ ಹಿಡಿದುಕೊಂಡು ಬರುತ್ತಾರೆ. ಆ್ಯಪ್‌ನಲ್ಲಿ ನನಗೆ ಕಾಣುವ ಅಂಕಿಯೂ ಅಂಥ ರಸೀದಿಯೇ ಹೊರತು ಮಾಲಲ್ಲ ಎಂಬುದು ತಡವಾಗಿ ಹೊಳೆಯಿತು.

ಆದ್ದರಿಂದ ಇದನ್ನು ಸ್ವಂತ ವ್ಯಾಲೆಟ್‌ಗೆ ತೆಗೆದುಕೊಳ್ಳಬೇಕೆಂದಿದ್ದೇನೆ. ಹೊರತೆಗೆಯುವ ಪುಟ ತೆರೆದರೆ ಯುಎಸ್‌ಡಿಟಿಗೆ ಇಆರ್‌ಸಿ-20, ಟಿಆರ್‌ಸಿ-20, ಬಿಇಪಿ-20 ಎಂದು ಮೂರು ನೆಟ್‌ವರ್ಕ್‌ಗಳು ಕಾಣುತ್ತವೆ. ಯಾವುದನ್ನು ಒತ್ತಬೇಕೆಂದು ತಿಳಿಯದೆ ಎರಡು ಸಲ ಪುಟ ಮುಚ್ಚಿದ್ದೇನೆ. ಸ್ವಂತ ವ್ಯಾಲೆಟ್‌ಗೆ ಕಳುಹಿಸಿದರೂ ಶೇ 30ರ ತೆರಿಗೆ ಬೀಳುತ್ತದೆಯೇ ಎಂಬುದು ಇನ್ನೊಂದು ಸಂಶಯ. ನನ್ನಂಥವನಿಗೆ ಫೋನಿನ ವ್ಯಾಲೆಟ್ ಸಾಕೇ, ಹಾರ್ಡ್‌ವೇರ್ ವ್ಯಾಲೆಟ್ (ಅದಕ್ಕೆಂದೇ ಇರುವ ಚಿಕ್ಕ ಸಾಧನ) ಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಕೋಟೆ ಓಣಿ, ಬೀದರ್

ಶರಣು ಸರ್. ಹಗೇವಿನ ಹೋಲಿಕೆ ಸರಿಯಾಗಿದೆ, ಆದರೆ ಅದನ್ನು ಪೂರ್ತಿಯಾಗಿ ನೋಡಬೇಕು. ಗೋದಾಮಿನವನು ಮೋಸ ಮಾಡಬಹುದು, ದಿವಾಳಿಯೂ ಆಗಬಹುದು. ಹಗೇವಿನಲ್ಲಿ ಆ ಭಯವಿಲ್ಲ. ಆದರೆ ಅದರ ಬಾಯಿ ಎಲ್ಲಿದೆಯೆಂದು ಬಲ್ಲ ಒಬ್ಬನೇ ಒಬ್ಬ ತೀರಿಕೊಂಡರೆ ಜೋಳ ಮಣ್ಣಿನಲ್ಲೇ ಉಳಿಯುತ್ತದೆ. ಸ್ವಂತ ವ್ಯಾಲೆಟ್‌ನಲ್ಲಿ ಪಾಸ್‌ವರ್ಡ್ ಮರೆತೆನೆಂದು ಕರೆ ಮಾಡಲು ಕಚೇರಿಯಿಲ್ಲ.

ವ್ಯಾಲೆಟ್‌ನೊಳಗೆ ನಾಣ್ಯಗಳು ಇರುವುದಿಲ್ಲ, ಅವು ಬ್ಲಾಕ್‌ಚೈನ್ ಎಂಬ ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕದಲ್ಲೇ ಇರುತ್ತವೆ. ವ್ಯಾಲೆಟ್ ಕಾಯುವುದು ಅವನ್ನು ಸಾಗಿಸಲು ಬೇಕಾದ ಖಾಸಗಿ ಕೀಲಿಯನ್ನು. ಹೊಸ ವ್ಯಾಲೆಟ್ ತೆರೆದಾಗ ಅದು 12 ಅಥವಾ 24 ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ, ಕೀಲಿ ಹುಟ್ಟುವುದು ಅವುಗಳಿಂದಲೇ. 2,048 ಪದಗಳ ಒಂದು ನಿಗದಿತ ಪಟ್ಟಿಯಿಂದ ಅವು ಬರುತ್ತವೆ. ಆ ಪದಗಳು ಅದೇ ಕ್ರಮದಲ್ಲಿ ಯಾರ ಬಳಿ ಇವೆಯೋ ಹಣ ಅವರದು. ಫೋನು ಒಡೆದರೂ, ಹಾರ್ಡ್‌ವೇರ್ ಸಾಧನ ನೀರಿಗೆ ಬಿದ್ದರೂ, ಪದಗಳಿದ್ದರೆ ಬೇರೊಂದು ಸಾಧನದಲ್ಲಿ ಎಲ್ಲವೂ ಮರಳಿ ಕಾಣುತ್ತದೆ.

ನಿಮ್ಮ ಮೊತ್ತಕ್ಕೆ ಹಾರ್ಡ್‌ವೇರ್ ವ್ಯಾಲೆಟ್ ಕೊಳ್ಳುವುದು ಅತಿಯಾಗದು ಎಂಬುದು ನನ್ನ ಅಭಿಪ್ರಾಯ. ಲೆಡ್ಜರ್, ಟ್ರೆಜರ್ ಮುಂತಾದವನ್ನು ತಯಾರಕರಿಂದಲೋ ಅವರು ಹೆಸರಿಸಿದ ಮಾರಾಟಗಾರರಿಂದಲೋ ಮಾತ್ರ ತರಿಸಿಕೊಳ್ಳಿ. ಪೆಟ್ಟಿಗೆಯೊಳಗೆ ಪದಗಳನ್ನು ಮೊದಲೇ ಬರೆದಿಟ್ಟ ಚೀಟಿ ಸಿಕ್ಕರೆ ಆ ಸಾಧನವನ್ನು ಬಳಸಲೇಬೇಡಿ, ಏಕೆಂದರೆ ಆ ಪದಗಳನ್ನು ಬರೆದವನ ಬಳಿಯೂ ಅದೇ ಕೀಲಿ ಇರುತ್ತದೆ.

ಕಳುಹಿಸುವಾಗ ವಿಳಾಸವನ್ನು ಕೈಯಿಂದ ಟೈಪ್ ಮಾಡಬೇಡಿ, ಕ್ಯೂಆರ್ ಸ್ಕ್ಯಾನ್ ಮಾಡಿ ಅಥವಾ ಕಾಪಿ ಮಾಡಿ ಅಂಟಿಸಿ. ಅಂಟಿಸಿದ ಮೇಲೆ ಆದಿಯ ಆರು, ಅಂತ್ಯದ ಆರು, ನಡುವಿನ ಕೆಲವು ಅಕ್ಷರಗಳನ್ನು ಸಾಧನದ ಚಿಕ್ಕ ಪರದೆಯೊಂದಿಗೆ ತಾಳೆ ನೋಡಿ. ಕಾಪಿ ಮಾಡಿದ ವಿಳಾಸವನ್ನು ಸದ್ದಿಲ್ಲದೆ ಬದಲಿಸುವ ವೈರಸ್‌ಗಳಿವೆ. ನಿಮ್ಮ ವಿಳಾಸದ ಆದಿ ಅಂತ್ಯಗಳನ್ನೇ ಹೋಲುವ ವಿಳಾಸದಿಂದ ಪುಡಿಕಾಸು ಕಳುಹಿಸಿ, ಮುಂದಿನ ಸಲ ನೀವು ಹಳೆಯ ವಹಿವಾಟಿನ ಪಟ್ಟಿಯಿಂದ ಆ ತಪ್ಪು ವಿಳಾಸವನ್ನೇ ಕಾಪಿ ಮಾಡಲೆಂದು ಕಾಯುವವರೂ ಇದ್ದಾರೆ. ನೀವು ಹೇಳಿದ ವಾಜಿರ್‌ಎಕ್ಸ್ ಕಳವಿನಲ್ಲಿ ಸಹಿ ಹಾಕಲು ಹಲವರು ಬೇಕಾದ ವ್ಯಾಲೆಟ್ಟೇ ಬರಿದಾಯಿತು. ಪರದೆಯ ಮೇಲೆ ಕಂಡದ್ದೊಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಕಂಪನಿಯೇ ಹೇಳಿತು. ಅದಕ್ಕೇ ಕಂಪ್ಯೂಟರ್ ಪರದೆಗಿಂತ ಸಾಧನದ ಪರದೆಯನ್ನು ನಂಬಬೇಕು.

ಮೊದಲು ಎಕ್ಸ್‌ಚೇಂಜ್ ಒಪ್ಪುವ ಕನಿಷ್ಠ ಮೊತ್ತವನ್ನಷ್ಟೇ ಕಳುಹಿಸಿ. ಅದು ಬಂದ ಮೇಲೆ ವ್ಯಾಲೆಟ್ ಅನ್ನು ಅಳಿಸಿ, ಬರೆದಿಟ್ಟ ಪದಗಳಿಂದ ಮತ್ತೆ ತೆರೆದು ನೋಡಿ. ಈ ಎರಡನೆಯ ಪರೀಕ್ಷೆಯನ್ನು ಹೆಚ್ಚಿನವರು ಬಿಡುತ್ತಾರೆ, ನನ್ನ ಮಟ್ಟಿಗೆ ಮೊದಲನೆಯದಕ್ಕಿಂತ ಅದೇ ಮುಖ್ಯ.

ಭೀಮಾ ತೀರ, ಶಹಾಪುರ (ಯಾದಗಿರಿ ಜಿಲ್ಲೆ)

ನೆಟ್‌ವರ್ಕ್ ವಿಷಯದಲ್ಲಿ ಪೆಟ್ಟು ತಿಂದವನಾದ್ದರಿಂದ ಅದನ್ನು ನಾನು ಹೇಳುತ್ತೇನೆ. ಯುಎಸ್‌ಡಿಟಿ ಎಂಬ ಹೆಸರು ಒಂದೇ ಆದರೂ ಅದು ಓಡಾಡುವ ದಾರಿಗಳು ಬೇರೆ ಬೇರೆ. ಟಿಆರ್‌ಸಿ-20 ಎಂದರೆ ಟ್ರಾನ್ ಜಾಲ, ಅಲ್ಲಿನ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಆರಂಭವಾಗುತ್ತದೆ. ಇಆರ್‌ಸಿ-20 ಎಂದರೆ ಎಥೀರಿಯಮ್, ಬಿಇಪಿ-20 ಎಂದರೆ ಬಿಎನ್‌ಬಿ ಜಾಲ. ಇವೆರಡರ ವಿಳಾಸಗಳೂ ಸೊನ್ನೆ ಮತ್ತು ಎಕ್ಸ್‌ನಿಂದ ಆರಂಭವಾಗಿ ನೋಡಲು ಒಂದೇ ಬಗೆಯಾಗಿರುತ್ತವೆ. ಮೋಸ ಹೋಗುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ಶುಲ್ಕ ಕಡಿಮೆಯೆಂದು ನಾನು ಬಿಇಪಿ-20 ಆರಿಸಿ ಒಂದು ಎಕ್ಸ್‌ಚೇಂಜ್‌ನಿಂದ ಇನ್ನೊಂದು ಎಕ್ಸ್‌ಚೇಂಜ್‌ನ ಖಾತೆಗೆ ಕಳುಹಿಸಿದೆ. ಆ ಎರಡನೆಯವರು ಆಗ ಎಥೀರಿಯಮ್ ಮೂಲಕ ಬಂದದ್ದನ್ನು ಮಾತ್ರ ಖಾತೆಗೆ ಜಮಾ ಮಾಡುತ್ತಿದ್ದರು. ಬ್ಲಾಕ್‌ಚೈನ್‌ನಲ್ಲಿ ಹಣ ಆ ವಿಳಾಸಕ್ಕೆ ತಲುಪಿದ್ದು ಕಣ್ಣಿಗೆ ಕಾಣುತ್ತಿತ್ತು, ನನ್ನ ಖಾತೆಯಲ್ಲಿ ಮಾತ್ರ ಸೊನ್ನೆ. ಕೀಲಿ ಅವರ ಕೈಯಲ್ಲಿತ್ತು, ನನ್ನ ಕೈಯಲ್ಲಿ ದೂರಿನ ಸಂಖ್ಯೆಯಿತ್ತು. ನಾಲ್ಕು ತಿಂಗಳು ಇಮೇಲ್ ಬರೆದು ಕೊನೆಗೆ ಕೈಬಿಟ್ಟೆ.

ಇದೇ ತಪ್ಪನ್ನು ಸ್ವಂತ ವ್ಯಾಲೆಟ್‌ಗೆ ಕಳುಹಿಸುವಾಗ ಮಾಡಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಎಥೀರಿಯಮ್‌ಗೂ ಬಿಎನ್‌ಬಿ ಜಾಲಕ್ಕೂ ಒಂದೇ ಕೀಲಿ ನಡೆಯುವುದರಿಂದ, ವ್ಯಾಲೆಟ್‌ನಲ್ಲಿ ಆ ಜಾಲವನ್ನು ಸೇರಿಸಿಕೊಂಡರೆ ಹಣ ಅಲ್ಲೇ ಕಾಣುತ್ತದೆ. ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ಯುಎಸ್‌ಡಿಟಿಯನ್ನು ವ್ಯಾಲೆಟ್‌ನಿಂದ ಹೊರಗೆ ಸಾಗಿಸುವಾಗ ಶುಲ್ಕ ಕಟ್ಟಲು ಆ ಜಾಲದ ಸ್ವಂತ ನಾಣ್ಯ ಬೇಕು. ಎಥೀರಿಯಮ್‌ನಲ್ಲಿ ಈಥರ್, ಟ್ರಾನ್‌ನಲ್ಲಿ ಟಿಆರ್‌ಎಕ್ಸ್, ಬಿಎನ್‌ಬಿ ಜಾಲದಲ್ಲಿ ಬಿಎನ್‌ಬಿ. ಅದಿಲ್ಲದಿದ್ದರೆ, ಜೇಬಿನಲ್ಲಿ 500ರ ನೋಟಿದ್ದೂ ಬಸ್ಸಿನಲ್ಲಿ ಟಿಕೆಟ್‌ಗೆ ಚಿಲ್ಲರೆಯಿಲ್ಲದೆ ನಿಂತವನ ಸ್ಥಿತಿಯಾಗುತ್ತದೆ.

ಓದುಗ, ಕಲಬುರಗಿ

ಬೇರೆ ಮಾತೊಂದನ್ನೂ ಹೇಳಬೇಕು. ಒಂದು ಲಕ್ಷ ರೂಪಾಯಿಗಾಗಿ ಸಾಧನ, ಪದಗಳು, ಪರೀಕ್ಷೆ ಎಂದು ಇಷ್ಟೆಲ್ಲ ಮಾಡುವುದಕ್ಕಿಂತ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡ ಎಕ್ಸ್‌ಚೇಂಜ್‌ನಲ್ಲೇ ಬಿಡುವುದು ಕೆಲವರಿಗೆ ಒಳಿತು. ನಮ್ಮ ಓಣಿಯ ಒಬ್ಬ ಹುಡುಗ ಪದಗಳ ಫೋಟೋ ತೆಗೆದು ಫೋನಿನಲ್ಲಿಟ್ಟಿದ್ದ. ಯಾವುದೋ ತೊಂದರೆಗೆ ಟೆಲಿಗ್ರಾಮ್ ಗುಂಪಿನಲ್ಲಿ ಸಹಾಯ ಕೇಳಿದ. ಕಂಪನಿಯ ಸಿಬ್ಬಂದಿಯೆಂದು ಹೇಳಿಕೊಂಡವನೊಬ್ಬ ಪದಗಳನ್ನು ಕೇಳಿದಾಗ ಆ ಫೋಟೋವನ್ನೇ ಕಳುಹಿಸಿದ. ಹತ್ತು ನಿಮಿಷದೊಳಗೆ ವ್ಯಾಲೆಟ್ ಖಾಲಿಯಾಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ, ದೂರೂ ದಾಖಲಾಯಿತು. ಹಣ ಮಾತ್ರ ಬರಲಿಲ್ಲ.

ಕೋಟೆ ಓಣಿ, ಬೀದರ್

ಓದುಗ ಸರ್ ಹೇಳಿದ್ದನ್ನು ಅಲ್ಲಗಳೆಯಲಾರೆ. ಆದರೆ ಹಣಕಾಸು ಗುಪ್ತಚರ ಘಟಕದ ನೋಂದಣಿ, 2023ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದದ್ದರ ಫಲ. ಗ್ರಾಹಕರ ಗುರುತು, ಸಂಶಯಾಸ್ಪದ ವಹಿವಾಟಿನ ವರದಿ ಇವಷ್ಟೇ ಅದರ ವಿಷಯ. ಬ್ಯಾಂಕ್ ಠೇವಣಿಗೆ ಇರುವಂಥ ವಿಮೆ ಅದರಿಂದ ಸಿಗುವುದಿಲ್ಲ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ವಿದೇಶಿ ಎಕ್ಸ್‌ಚೇಂಜ್ ದಿವಾಳಿ ಅರ್ಜಿ ಹಾಕುವ ಕೆಲವೇ ದಿನಗಳ ಮುಂಚಿನವರೆಗೂ ಅದನ್ನು ದೊಡ್ಡ, ಭದ್ರ ಸಂಸ್ಥೆಯೆಂದೇ ಜನ ತಿಳಿದಿದ್ದರು.

ಜಮಾ ಖರ್ಚು, ಕಲಬುರಗಿ

ನಾನು ತೆರಿಗೆ ಸಲಹೆಗಾರ್ತಿ, ಸ್ಟೇಷನ್ ಬಜಾರ್ ಹತ್ತಿರ ಚಿಕ್ಕ ಕಚೇರಿಯಿದೆ. ಲೆಕ್ಕಿಗ ಸಹೋದರರು ಕೇಳಿದ ಎರಡನೆಯ ಸಂಶಯಕ್ಕೆ ಉತ್ತರಿಸುತ್ತೇನೆ. ನಿಮ್ಮ ಎಕ್ಸ್‌ಚೇಂಜ್ ಖಾತೆಯಿಂದ ನಿಮ್ಮದೇ ವ್ಯಾಲೆಟ್‌ಗೆ ಕಳುಹಿಸುವುದರಲ್ಲಿ ಒಡೆತನ ಬದಲಾಗುವುದಿಲ್ಲ, ಯಾರೂ ಬೆಲೆ ಕೊಡುವುದಿಲ್ಲ. ಆದ್ದರಿಂದ ಅದನ್ನು ಮಾರಾಟವೆಂದು ಎಣಿಸಿ ತೆರಿಗೆ ಕಟ್ಟುವ ಸಂದರ್ಭ ಬರುವುದಿಲ್ಲ. ಆದರೆ ವ್ಯಾಲೆಟ್ ಶುಲ್ಕಕ್ಕೆಂದು ಯುಎಸ್‌ಡಿಟಿಯನ್ನು ಟಿಆರ್‌ಎಕ್ಸ್ ಆಗಿ ಬದಲಿಸಿಕೊಂಡಿರೋ, ಒಂದು ಕ್ರಿಪ್ಟೋ ಕೊಟ್ಟು ಇನ್ನೊಂದನ್ನು ಪಡೆದಂತಾಗುತ್ತದೆ; ತೆರಿಗೆಯ ಲೆಕ್ಕದಲ್ಲಿ ಅದೂ ಮಾರಾಟದಂಥ ವರ್ಗಾವಣೆಯೇ.

2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30ರ ತೆರಿಗೆ, ಆ ತೆರಿಗೆಯ ಮೇಲೆ ಶೇ 4ರ ಸೆಸ್. ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ ಶೇ 1ರ ಟಿಡಿಎಸ್. 40,000ಕ್ಕೆ ಕೊಂಡದ್ದನ್ನು 60,000ಕ್ಕೆ ಮಾರಿದಿರಿ ಎನ್ನೋಣ. ಲಾಭ 20,000, ತೆರಿಗೆ 6,000, ಸೆಸ್ 240, ಒಟ್ಟು 6,240 ರೂಪಾಯಿ. ಇದರಲ್ಲಿ 600 ರೂಪಾಯಿ ಟಿಡಿಎಸ್ ಆಗಿ ಮೊದಲೇ ಹೋಗಿರುವುದರಿಂದ ಉಳಿದ 5,640ನ್ನು ಕಟ್ಟಬೇಕು. ಅದೇ ವರ್ಷ ಇನ್ನೊಂದು ನಾಣ್ಯದಲ್ಲಿ 15,000 ಕಳೆದುಕೊಂಡಿದ್ದರೂ ಅದನ್ನು ಈ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಕೊಂಡ ಬೆಲೆಯ ಹೊರತು ಬೇರಾವ ಖರ್ಚಿಗೂ ವಿನಾಯಿತಿಯಿಲ್ಲ. ಹಾರ್ಡ್‌ವೇರ್ ವ್ಯಾಲೆಟ್‌ನ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುತ್ತೀರೆಂಬ ಆಸೆಯಿಂದ ನನ್ನ ಕಚೇರಿಗೆ ಬಂದವರೂ ಇದ್ದಾರೆ.

ನೀವು ತಿಂಗಳು ತಿಂಗಳು ಕೊಂಡ ಮೂವತ್ತಾರು ಖರೀದಿಗಳ ದಿನಾಂಕ, ದರ, ಪ್ರಮಾಣ ಎಲ್ಲವೂ ಈಗ ಎಕ್ಸ್‌ಚೇಂಜ್‌ನ ದಾಖಲೆಯಲ್ಲಿವೆ. ನಾಣ್ಯಗಳನ್ನು ಹೊರತೆಗೆಯುವ ಮುನ್ನ ಆ ಖಾತೆ ಹೇಳಿಕೆಯನ್ನು (ಸ್ಟೇಟ್‌ಮೆಂಟ್) ಇಳಿಸಿಕೊಂಡು ಮುದ್ರಿಸಿಡಿ. ಐದು ವರ್ಷ ಬಿಟ್ಟು ಮಾರುವ ದಿನ ಆ ಎಕ್ಸ್‌ಚೇಂಜ್ ಇರದಿದ್ದರೆ, ಕೊಂಡ ಬೆಲೆಗೆ ನಿಮ್ಮ ಬಳಿ ಪುರಾವೆಯೇ ಇರುವುದಿಲ್ಲ. ಹೊರತೆಗೆಯುವಾಗ ವಿಳಾಸ ಯಾರದೆಂದು ಕೇಳುತ್ತಾರೆ, ಸ್ವಂತದ್ದಾದರೆ ಸ್ವಂತದ್ದೆಂದೇ ನಮೂದಿಸಿ. ಮುಂದೆ ರೂಪಾಯಿ ಮಾಡಿಕೊಳ್ಳುವಾಗ, ಹೆಚ್ಚಿನ ದರದ ಆಸೆಗೆ ಅಪರಿಚಿತರಿಗೆ ನೇರವಾಗಿ ಮಾರಬೇಡಿ. ಅವರು ಹಾಕಿದ ಹಣ ಯಾವುದೋ ಸೈಬರ್ ವಂಚನೆಯದ್ದಾಗಿದ್ದರೆ ಸ್ಥಗಿತವಾಗುವುದು ನಿಮ್ಮ ಬ್ಯಾಂಕ್ ಖಾತೆ.

ತೊಗರಿ ಲೆಕ್ಕಿಗ, ಕಲಬುರಗಿ

ಎಲ್ಲರಿಗೂ ಕೃತಜ್ಞತೆಗಳು. ಹೇಳಿಕೆಯನ್ನು ಮುದ್ರಿಸಿ ಮಿಲ್ಲಿನ ಪಾವತಿ ಪುಸ್ತಕದಂತೆಯೇ ದಾರ ಹಾಕಿ ಕಟ್ಟಿದ್ದೇನೆ. ಸಾಧನ ಬಂದಿದೆ. ಮೊನ್ನೆ ರಾತ್ರಿ ಊಟವಾದ ಮೇಲೆ ಕನಿಷ್ಠ ಮೊತ್ತದ ಬಿಟ್‌ಕಾಯಿನ್ ಕಳುಹಿಸಿದೆ. ಹೊಸ ವಿಳಾಸವೆಂಬ ಕಾರಣಕ್ಕೆ ಎಕ್ಸ್‌ಚೇಂಜ್ ಅದನ್ನು ಒಂದು ದಿನ ತಡೆದಿತ್ತು. ಬಿಡುಗಡೆಯಾದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು, ಕತ್ತಲಲ್ಲಿ ಫೋನ್ ಹಿಡಿದು ಕುಳಿತಿದ್ದೆ. ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ (ಆ ಲೆಕ್ಕದ ಪುಸ್ತಕದ ಹೊಸ ಪುಟ) ಎಂದು ಓದಿದ್ದೆ, ಮೊದಲ ದೃಢೀಕರಣಕ್ಕೆ ಇಪ್ಪತ್ತಾರು ನಿಮಿಷ ಹಿಡಿಯಿತು. ಆ ಇಪ್ಪತ್ತಾರು ನಿಮಿಷದಲ್ಲಿ ವಿಳಾಸವನ್ನು ನಾಲ್ಕು ಸಲ ಓದಿದೆ. ಆಮೇಲೆ ಬೀದರಿನ ಸರ್ ಹೇಳಿದಂತೆ ಸಾಧನವನ್ನು ಅಳಿಸಿ ಪದಗಳಿಂದ ಮರಳಿ ತೆರೆದೆ. ಮೊದಲ ಸಲ ತೆರೆಯಲಿಲ್ಲ, ಒಂಬತ್ತನೆಯ ಪದವನ್ನು ನಾನೇ ತಪ್ಪಾಗಿ ಓದಿದ್ದೆ. ನನ್ನ ಬರವಣಿಗೆ ನನಗೇ ತಿಳಿಯದ ಮೇಲೆ ಮನೆಯವರಿಗೆ ಹೇಗೆ ತಿಳಿಯಬೇಕು?

ಆ ಕಾಗದ ಮಳೆಗೋ ಗೆದ್ದಲಿಗೋ ಹೋದರೆ ಎಂಬ ಚಿಂತೆ ಈಗ ಹತ್ತಿದೆ. ಬೀದರಿನಲ್ಲಿ ಬಿದ್ರಿ ಕೆಲಸದವರಿಂದ ಒಂದು ಫಲಕದ ಮೇಲೆ ಕೆತ್ತಿಸಿದರೆ ಹೇಗೆ?

ಕೋಟೆ ಓಣಿ, ಬೀದರ್

ನೋಡಲು ಚೆಂದವಾಗಿರುತ್ತದೆ ಸರ್, ಆದರೆ ಬೇಡ. ಬಿದ್ರಿಯ ಎರಕದಲ್ಲಿ ಬಹುಪಾಲು ಸತು, ಅದು ಸುಮಾರು 420 ಡಿಗ್ರಿಗೇ ಕರಗುತ್ತದೆ. ಮನೆಗೆ ಬೆಂಕಿ ಬಿದ್ದರೆ ಅದಕ್ಕಿಂತ ಹೆಚ್ಚು ಕಾವು ಏರುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಕೆತ್ತುವವನು ಎಷ್ಟೇ ಪ್ರಾಮಾಣಿಕನಾದರೂ ಪದಗಳನ್ನು ಓದಿಯೇ ಕೆತ್ತಬೇಕು. ಸ್ಟೇನ್‌ಲೆಸ್ ಸ್ಟೀಲ್ ಕರಗಲು 1,400 ಡಿಗ್ರಿಯ ಆಸುಪಾಸು ಬೇಕು. ಒಂದು ಸ್ಟೀಲ್ ತಗಡು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಅಕ್ಷರಗಳ ಪಂಚ್ ಸೆಟ್, ಒಂದು ಸುತ್ತಿಗೆ ತಂದು ನೀವೇ ಹೊಡೆಯಿರಿ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸಾಕು, ಆ 2,048ರ ಪಟ್ಟಿಯಲ್ಲಿ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವುದಿಲ್ಲ. ಮೂರಕ್ಷರದ ಪದವಿದ್ದರೆ ಪೂರ್ತಿ ಹೊಡೆಯಿರಿ. ಮಧ್ಯಾಹ್ನದ ಹೊತ್ತಿನಲ್ಲಿ ಮಾಡಿದರೆ ನೆರೆಯವರೂ ಬೈಯುವುದಿಲ್ಲ.

ತೊಗರಿ ಲೆಕ್ಕಿಗ, ಕಲಬುರಗಿ

ಈ ಭಾನುವಾರ ತಗಡು ಹೊಡೆದು ಮುಗಿಸಿದೆ. ಎರಡು ಅಕ್ಷರ ತಲೆಕೆಳಗಾಗಿವೆ, ಓದಲು ಅಡ್ಡಿಯಿಲ್ಲ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನು ಬಾಯಿ ಬಿಡದೆ, ಆ ತಗಡೊಂದನ್ನೇ ಕೊಟ್ಟು ವ್ಯಾಲೆಟ್ ತೆರೆಯಲು ಹೇಳಿದೆ. ನಲವತ್ತು ನಿಮಿಷದಲ್ಲಿ ತೆರೆದಳು. ಉಳಿದ ಬಿಟ್‌ಕಾಯಿನ್ ಮತ್ತು ಈಥರ್ ಅನ್ನು ಆ ಸಂಜೆ ಕಳುಹಿಸಿದೆ. ಯುಎಸ್‌ಡಿಟಿ ಸದ್ಯಕ್ಕೆ ಎಕ್ಸ್‌ಚೇಂಜ್‌ನಲ್ಲೇ ಇದೆ.