ಅಪ್ಪನ ಇಸಿಜಿಯಲ್ಲಿ ಗೆರೆ ಗಿಡ್ಡ ಬಂದಿದೆ, ತೂಕದಿಂದಾನಾ?

ಪ್ರಶ್ನೆ (ತೀರ್ಥಹಳ್ಳಿ): ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 58 ವರ್ಷ, ತೂಕ 94 ಕೆಜಿ. ಮೊದಲು ತೋಟಕ್ಕೆ ದಿನಾ ಇಳಿದು ಹತ್ತುತ್ತಿದ್ದರು, ಮಂಡಿನೋವು ಶುರುವಾದ ಮೇಲೆ ಅಂಗಳದಲ್ಲೇ ಕೂತು ಅಡಿಕೆ ಲೆಕ್ಕ ನೋಡುತ್ತಾರೆ. ಕಣ್ಣಿನ ಆಪರೇಷನ್‌ಗೆ ಮುಂಚೆ ಇಸಿಜಿ ಮಾಡಿಸಿದೆವು. 'ಲೋ ವೋಲ್ಟೇಜ್, ಲೆಫ್ಟ್ ಆಕ್ಸಿಸ್' ಅಂತ ಬಂದಿದೆ. ಹಾರ್ಟಿನ ಕರೆಂಟೇ ಕಮ್ಮಿಯಾಗಿದೆ ಅಂದ್ಕೊಂಡು ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಉತ್ತರ (ಹೃದಯ ವೈದ್ಯರು, ಶಿವಮೊಗ್ಗ): ಮೊದಲು ಅಮ್ಮನಿಗೆ ಊಟ ಬಡಿಸಿ. ಇಸಿಜಿ ಹೃದಯದ ಕರೆಂಟನ್ನು ಚರ್ಮದ ಮೇಲಿಂದ ಅಳೆಯುತ್ತದೆ. ನಡುವೆ ಕೊಬ್ಬು ದಪ್ಪಗಿದ್ದರೆ ಕಂಬಳಿ ಮುಚ್ಚಿದ ರೇಡಿಯೋ ಥರ. ಹಾಡು ಅದೇ, ಕೇಳಿಸುವುದು ಮೆಲ್ಲಗೆ. ಆ ಕಾಗದ ಕೈಗೆತ್ತಿಕೊಂಡು ನೋಡಿ: ಒಂದು ಮಿಲಿವೋಲ್ಟ್‌ಗೆ 10 ಸಣ್ಣ ಚೌಕ. ಕೈಕಾಲಿನ ಲೀಡ್‌ಗಳಲ್ಲೆಲ್ಲ (ಕೈಕಾಲಿಗೆ ಹಾಕಿದ ತಂತಿಗಳಿಂದ ಬಂದ ಸಾಲುಗಳಲ್ಲಿ) ಚೂಪು ಗೆರೆ ಮೇಲಿಂದ ಕೆಳಗೆ 5 ಚೌಕವೂ ಇಲ್ಲದಿದ್ದರೆ ಲೋ ವೋಲ್ಟೇಜ್ ಅಂತೀವಿ. ಹೊಟ್ಟೆ ಬಂದವರಲ್ಲಿ ವಪೆ (ಎದೆ-ಹೊಟ್ಟೆ ನಡುವಿನ ಪರದೆ) ಮೇಲಕ್ಕೆ ಒತ್ತಿ ಹೃದಯ ಸ್ವಲ್ಪ ಅಡ್ಡ ಮಲಗುತ್ತದೆ, ಆಕ್ಸಿಸ್, ಅಂದರೆ ಕರೆಂಟು ಹರಿಯುವ ಒಟ್ಟು ದಿಕ್ಕು, ಎಡಕ್ಕೆ ವಾಲುತ್ತದೆ.

ಆದರೆ ಎಲ್ಲವನ್ನೂ ತೂಕದ ತಲೆಗೆ ಕಟ್ಟಬೇಡಿ. ಹೃದಯದ ಸುತ್ತ ನೀರು ತುಂಬಿದರೂ, ಥೈರಾಯ್ಡ್ ಕಮ್ಮಿಯಿದ್ದರೂ ಗೆರೆ ಗಿಡ್ಡವಾಗುತ್ತದೆ. ಒಂದು ಎಕೋ (ಹೃದಯದ ಸ್ಕ್ಯಾನ್), ಒಂದು ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಮಾಡಿಸಿಬಿಡಿ. ಅಂದಹಾಗೆ, ಅಪ್ಪ ಗೊರಕೆ ಹೊಡೀತಾರಾ?

ಪ್ರಶ್ನೆ (ತೀರ್ಥಹಳ್ಳಿ): ಜೋರು. ನಡುವೆ ಉಸಿರೇ ನಿಂತ ಹಾಗಾಗಿ ಬೆಚ್ಚಿ ಏಳ್ತಾರೆ.

ಉತ್ತರ: ನನಗೆ ಗಿಡ್ಡ ಗೆರೆಗಿಂತ ಇದರ ಚಿಂತೆಯೇ ಜಾಸ್ತಿ. ಹಾಗೆ ಉಸಿರು ಕಟ್ಟಿದಾಗಲೆಲ್ಲ ಆಮ್ಲಜನಕ ಇಳಿಯುತ್ತದೆ, ಹೃದಯದ ಮೇಲಿನ ಕೋಣೆಗಳು ಜಗ್ಗುತ್ತವೆ. ತೂಕ, ಬಿಪಿ ಸೇರಿದರೆ ಆ ಕೋಣೆಗಳು ಹಿಗ್ಗಿ, ಬಡಿತ ತಾಳ ತಪ್ಪಬಹುದು. ಅದೇ ಏಟ್ರಿಯಲ್ ಫಿಬ್ರಿಲೇಷನ್, ಪಾರ್ಶ್ವವಾಯುವಿಗೆ ದೊಡ್ಡ ಕಾರಣ. ಸ್ಲೀಪ್ ಟೆಸ್ಟ್ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಕೇಳಿ.

ತೂಕ ಇಳಿಸಿದರೆ ಲಾಭ ನಿಜಕ್ಕೂ ಇದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೆಗಸಿ ಅಧ್ಯಯನದಲ್ಲಿ, ಏಟ್ರಿಯಲ್ ಫಿಬ್ರಿಲೇಷನ್ ಇದ್ದು ಶೇ. 10ರಷ್ಟಾದರೂ ತೂಕ ಇಳಿಸಿದವರಿಗೆ ತಾಳ ಸರಿಯಾಗಿ ಉಳಿಯುವ ಸಾಧ್ಯತೆ ಸುಮಾರು 6 ಪಟ್ಟು ಹೆಚ್ಚಿತ್ತು. ಅಪ್ಪನ ಲೆಕ್ಕಕ್ಕೆ 9-10 ಕೆಜಿ, ಅಷ್ಟೇ. ಮಂಡಿನೋವಿದ್ದರೆ ಗುಡ್ಡ ಬೇಡ, ಸಮತಟ್ಟು ರಸ್ತೆಯಲ್ಲೇ ನಡೆಯಲಿ.

ಪ್ರಶ್ನೆ (ಸಾಗರ): ನನ್ನ ತಂಗಿ ಬೇಗ ಇಳೀಲಿ ಅಂತ ಬರೀ ಜ್ಯೂಸ್ ಕುಡಿದು ಇದ್ದಾಳೆ. ಪರವಾಗಿಲ್ವಾ ಡಾಕ್ಟ್ರೇ?

ಉತ್ತರ: ಬೇಡ ಅಂತ ಹೇಳಿ ಅಕ್ಕ. ವಾರಗಟ್ಟಲೆ ಹಾಗಿದ್ದರೆ ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿಯಬಹುದು. ಆಗ ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ (ಹೃದಯದ ಕೆಳಗಿನ ಕೋಣೆಗಳು ಒಂದು ಬಡಿತ ಮುಗಿಸಿ ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತು) ಉದ್ದವಾಗುತ್ತದೆ, ಅಪಾಯದ ಬಡಿತ ಶುರುವಾಗಬಹುದು. ತೀರಾ ಸೊರಗಿದವರ ಹೃದಯ ನಿಧಾನವಾಗಿಯೂ ಬಡಿಯುತ್ತದೆ. ತಲೆಸುತ್ತು ಬಂದರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ತೀರ್ಥಹಳ್ಳಿಯವರೇ, ಎಕೋ ಆದ ಮೇಲೆ ಹೆಸರು ಮುಚ್ಚಿ ಇಲ್ಲೇ ಹಾಕಿ, ನೋಡ್ತೀನಿ.